ಚದುರಂಗದ ಪಂಚ: ಕಾರೆಲ್ ಒಪೊಚೆನ್ಸ್ಕಿ

ವಿದ್ಯಾರ್ಥಿಗಳೇ,

ಕಳೆದ ವರ್ಷ ನಮ್ಮ ಶಾಲೆಯಲ್ಲಿ ತರಗತಿಗಳ ನಡುವೆ ಚದುರಂಗದ ಪಂದ್ಯಗಳು ನಡೆದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಪಂದ್ಯಗಳಿಗೆ ನಾವೇ ಪಂಚರಾಗಿದ್ದೆವು. ಕಡೆಯ ಪಂದ್ಯದಲ್ಲಿ ಒಬ್ಬ ಹುಡುಗನು ತನ್ನ ಕುದುರೆಯನ್ನು ಎತ್ತಿ, ಅರೆಕ್ಷಣ ಕೈಯಲ್ಲಿ ಹಿಡಿದು, ಮರಳಿ ಅದೇ ಮನೆಯಲ್ಲಿರಿಸಿ, ಒಂಟೆಯನ್ನು ನಡೆಸಿದನು. ಎದುರಾಳಿಯು ನಮ್ಮ ಕಡೆಗೆ ತಿರುಗಿ, "ಗುರುಗಳೇ, ಮುಟ್ಟಿದ ಕಾಯನ್ನೇ ನಡೆಸಬೇಕಲ್ಲವೇ?" ಎಂದು ಕೇಳಿದನು. ಕುದುರೆಯನ್ನು ಮುಟ್ಟಿದವನು ನಮ್ಮ ವರ್ಗದ ಹುಡುಗ. ನಾವು ಆ ಗಳಿಗೆಯಲ್ಲಿ, "ಇರಲಿ, ಆಟ ಮುಂದುವರಿಯಲಿ" ಎಂದುಬಿಟ್ಟೆವು. ಢಾಲು ನಮ್ಮ ವರ್ಗಕ್ಕೆ ಬಂದಿತು. ಸೋತ ಹುಡುಗನು ಏನನ್ನೂ ಹೇಳಲಿಲ್ಲ. ಕಾಯಿಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿರಿಸಿ, ಮುಚ್ಚಳ ಮುಚ್ಚಿ, ನಮಗೆ ನಮಸ್ಕರಿಸಿ ಹೋದನು. ಆ ಮುಚ್ಚಳದ ಸದ್ದು ಇನ್ನೂ ನಮ್ಮ ಕಿವಿಯಲ್ಲಿದೆ.

ಪಂಚನ ಕೆಲಸವೆಂದರೇನು, ಅದು ಎಷ್ಟು ಕಠಿನವಾದುದು ಎಂಬುದನ್ನು ಅರಿಯಬೇಕೆಂಬ ಬಯಕೆ ನಮಗೆ ಹುಟ್ಟಿದ್ದು ಆ ದಿನ. ಹಾಗೆ ಹುಡುಕಿ ಓದುತ್ತಿರುವಾಗ ನಮ್ಮ ಕಣ್ಣಿಗೆ ಬಿದ್ದ ಹೆಸರು ಕಾರೆಲ್ ಒಪೊಚೆನ್ಸ್ಕಿಯದು. ಈತನು ಚೆಕ್ ದೇಶದವನು. ಮೊದಲು ದೊಡ್ಡ ಆಟಗಾರ, ಆಮೇಲೆ ದೊಡ್ಡ ಪಂಚ. ಜಗಜ್ಜೇತರ ಹೆಸರುಗಳನ್ನು ಬಲ್ಲವರು ಹಲವರಿದ್ದಾರೆ; ಈತನ ಹೆಸರನ್ನು ಕೇಳಿದವರು ಕಡಮೆ. ಆದುದರಿಂದಲೇ ಈತನ ಜೀವನವನ್ನು ನಿಮ್ಮ ಮುಂದಿರಿಸಬೇಕೆಂದು ನಾವು ಬಗೆದಿದ್ದೇವೆ.

೧. ಸೇತುವೆಯ ಊರು

ಒಪೊಚೆನ್ಸ್ಕಿಯು 1892ನೆಯ ಇಸವಿಯ ಫೆಬ್ರುವರಿ 7ರಂದು ಬೊಹೀಮಿಯ ಪ್ರಾಂತದ ಮೋಸ್ತ್ ಎಂಬ ಊರಿನಲ್ಲಿ ಜನಿಸಿದನು. ಚೆಕ್ ಭಾಷೆಯಲ್ಲಿ 'ಮೋಸ್ತ್' ಎಂದರೆ ಸೇತುವೆ. ಆ ಕಾಲದಲ್ಲಿ ಚೆಕ್ಕರಿಗೆ ಸ್ವಂತ ರಾಜ್ಯವಿರಲಿಲ್ಲ. ಅವರ ನಾಡು ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯದ ಒಂದು ಭಾಗವಾಗಿದ್ದಿತು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಆ ಸಾಮ್ರಾಜ್ಯವು ಒಡೆದು, 1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯ ಎಂಬ ಗಣರಾಜ್ಯವು ಹುಟ್ಟಿತು. ಆಗ ಒಪೊಚೆನ್ಸ್ಕಿಗೆ 26 ವರ್ಷ. ಮುಂದೆ ಆತನು ಕಾಣಬೇಕಾದ ರಾಜಕೀಯ ಬದಲಾವಣೆಗಳಲ್ಲಿ ಇದು ಮೊದಲನೆಯದು ಮಾತ್ರ.

ನಮ್ಮ ದೇಶದಲ್ಲಿ ಹುಟ್ಟಿದ ಚತುರಂಗವು ಪಾರಸಿಕರ ಕೈಗೂ, ಅರಬರ ಕೈಗೂ ದಾಟಿ ಯೂರೋಪನ್ನು ಮುಟ್ಟಿದುದನ್ನು ನೀವು ಬಲ್ಲಿರಿ. ಚೆಕ್ಕರು ಈ ಆಟಕ್ಕೆ 'ಶಾಖಿ' ಎನ್ನುತ್ತಾರೆ. ಇದರ ಮೂಲವು ಪಾರಸಿಯ 'ಶಾಹ' ಎಂಬ ಮಾತು. ಅದರ ಅರ್ಥ ಅರಸು. ನಮ್ಮ ಕಾಲಾಳು ಅವರಲ್ಲಿಯೂ ಕಾಲಾಳೇ. ನಮ್ಮ ಕುದುರೆಯು ಅವರಲ್ಲಿ ಸವಾರನಾಗಿದೆ. ನಮ್ಮ ಆನೆಯು ಗೋಪುರವಾಗಿದೆ. ನಮ್ಮ ಒಂಟೆಯು ಬಾಣ ಬಿಡುವವನಾಗಿದೆ. ನಮ್ಮ ಮಂತ್ರಿಯು ರಾಣಿಯಂತಹ ಒಬ್ಬ ಮಾನಿನಿಯಾಗಿದ್ದಾನೆ! ಹೆಸರುಗಳು ಬದಲಾದರೂ ಅರುವತ್ತನಾಲ್ಕು ಮನೆಗಳು ಬದಲಾಗಲಿಲ್ಲ. ಭಾಷೆ ಅರಿಯದ ಇಬ್ಬರು ಒಂದು ಪಟದ ಎರಡು ಬದಿಗೆ ಕುಳಿತು ಐದು ಗಂಟೆಗಳ ಕಾಲ ಒಬ್ಬರನ್ನೊಬ್ಬರು ಅರಿತುಕೊಳ್ಳಬಹುದಾದುದು ಈ ಆಟದ ಒಂದು ಅಪೂರ್ವ ಗುಣ.

ಈ ಗುಣವನ್ನೇ ನೆಚ್ಚಿ 1924ರ ಜುಲೈ 20ರಂದು ಪ್ಯಾರಿಸ್ ನಗರದಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಸೇರಿ ಅಂತರರಾಷ್ಟ್ರೀಯ ಚದುರಂಗ ಸಂಘವನ್ನು ಸ್ಥಾಪಿಸಿದರು. ಅದಕ್ಕೆ 'ಫೀಡೆ' ಎಂಬುದು ರೂಢಿಯ ಹೆಸರು. "ನಾವೆಲ್ಲರೂ ಒಂದೇ ಜನ" ಎಂಬ ಅರ್ಥದ ಲ್ಯಾಟಿನ್ ವಾಕ್ಯವು ಆ ಸಂಘದ ಧ್ಯೇಯವಾಕ್ಯವಾಯಿತು. ಅದೇ ಸಮಯದಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಪಂದ್ಯಾವಳಿಯಲ್ಲಿ ತಂಡಗಳ ಲೆಕ್ಕದಲ್ಲಿ ಮೊದಲು ಬಂದುದು ಆರು ವರ್ಷದ ಹಸುಗೂಸಾದ ಚೆಕೊಸ್ಲೊವಾಕಿಯ. ಆ ಪುಟ್ಟ ನಾಡಿನಲ್ಲಿ ಚದುರಂಗಕ್ಕೆ ಎಷ್ಟು ಮನ್ನಣೆಯಿದ್ದಿತೆಂಬುದು ಇದರಿಂದ ತಿಳಿಯುವುದು.

೨. ಆಟಗಾರನಾಗಿ

ಒಪೊಚೆನ್ಸ್ಕಿಯು ನಾಲ್ಕು ಸಾರಿ ತನ್ನ ನಾಡಿನ ಚಾಂಪಿಯನ್ ಆದನು: 1927, 1928, 1938 ಮತ್ತು 1944ರಲ್ಲಿ. ಈ ಇಸವಿಗಳನ್ನು ಸುಮ್ಮನೆ ಓದಿ ಮುಂದಕ್ಕೆ ಹೋಗಬೇಡಿರಿ. ಮೊದಲನೆಯ ಗೆಲವಿನ ಕಾಲಕ್ಕೆ ಆತನಿಗೆ 35 ವರ್ಷ, ಕಡೆಯದರ ಕಾಲಕ್ಕೆ 52. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಹತ್ತು ವರ್ಷಗಳ ಅಂತರ. ಒಮ್ಮೆ ಸೋತೊಡನೆ ಪಟವನ್ನು ಮಡಿಸಿಡುವವರಿಗೆ ಈ ಹತ್ತು ವರ್ಷಗಳು ಒಂದು ಪಾಠ.

ದೇಶದೇಶಗಳ ತಂಡಗಳು ಸೆಣಸುವ ಚದುರಂಗ ಒಲಿಂಪಿಯಾಡ್‌ಗಳಲ್ಲಿ ಆತನು 1931, 1933, 1935 ಮತ್ತು 1939ರಲ್ಲಿ ಆಡಿದನು. 1931ರ ಒಲಿಂಪಿಯಾಡ್ ನಡೆದುದು ಆತನ ದೇಶದ ರಾಜಧಾನಿಯಾದ ಪ್ರಾಗ್‌ನಲ್ಲಿಯೇ. ಅಲ್ಲಿ ಅಮೆರಿಕವು ಮೊದಲನೆಯದಾಗಿಯೂ, ಪೋಲೆಂಡ್ ಎರಡನೆಯದಾಗಿಯೂ, ಚೆಕೊಸ್ಲೊವಾಕಿಯ ಮೂರನೆಯದಾಗಿಯೂ ಬಂದವು.

ಆ ಪ್ರಾಗ್ ಪಂದ್ಯಾವಳಿಯಲ್ಲಿ ನಮ್ಮ ಉಪಖಂಡದವನೊಬ್ಬನು ಇದ್ದನೆಂಬುದನ್ನು ಇಲ್ಲಿ ಹೇಳಲೇಬೇಕು. ಆತನೇ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನುದಾರನ ಪರಿವಾರದಲ್ಲಿ ಸೇವಕನಾಗಿದ್ದ ಈತನು ದಣಿಯ ಜೊತೆಗೆ ಇಂಗ್ಲೆಂಡಿಗೆ ಹೋಗಿ, 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನು. ನಮ್ಮ ಹಳ್ಳಿಯ ಕಟ್ಟೆಗಳ ಮೇಲೆ ಆಡುವಂತೆ ಕಾಲಾಳನ್ನು ಮೊದಲ ನಡೆಯಲ್ಲಿಯೂ ಒಂದೇ ಮನೆ ನಡೆಸುವ ದೇಶೀಯ ಆಟದಲ್ಲಿ ಪಳಗಿದ್ದ ಈತನು, ಯೂರೋಪಿನ ನಿಯಮಗಳನ್ನು ಕಲಿತುದು ದೊಡ್ಡವನಾದ ಮೇಲೆ. ಪ್ರಾಗ್‌ನಲ್ಲಿ ಈತನು ಇಂಗ್ಲೆಂಡಿನ ತಂಡದ ಮೊದಲ ಪಟದಲ್ಲಿ ಕುಳಿತು, ಚೆಕೊಸ್ಲೊವಾಕಿಯದ ಮೊದಲ ಪಟದ ಆಟಗಾರನಾದ ಸಾಲೊ ಫ್ಲೋರ್‌ನನ್ನು ಸೋಲಿಸಿದನು. ಜಗಜ್ಜೇತನಾಗಿದ್ದ ಅಲೆಖಿನ್‌ನೊಡನೆ ಸಮ ಮಾಡಿಕೊಂಡನು. ಒಪೊಚೆನ್ಸ್ಕಿಯ ತಂಡದವರು ಭಾರತದ ಮಣ್ಣಿನ ಚದುರಂಗದ ಬಲವನ್ನು ಹೀಗೆ ತಮ್ಮ ಊರಿನಲ್ಲಿಯೇ ಕಂಡರು.

1933ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ ಮುಂದಿನ ಒಲಿಂಪಿಯಾಡ್ ನಡೆಯಿತು. ಚೆಕೊಸ್ಲೊವಾಕಿಯವು ಅಮೆರಿಕದ ಬೆನ್ನಿಗೇ ಎರಡನೆಯದಾಗಿ ಬಂದಿತು. ನಾಲ್ಕನೆಯ ಪಟದಲ್ಲಿ ಆಡಿದ ಒಪೊಚೆನ್ಸ್ಕಿಯು ಆ ಪಟದ ಆಟಗಾರರೆಲ್ಲರಲ್ಲಿ ಶ್ರೇಷ್ಠನೆನಿಸಿ ಚಿನ್ನದ ಪದಕವನ್ನು ಪಡೆದನು. ಮೊದಲ ಪಟದವನ ಹೆಸರು ಪತ್ರಿಕೆಗಳಲ್ಲಿ ಮೆರೆಯುವುದು. ಆದರೆ ಮೊದಲ ಪಟದ ಒಂದು ಅಂಕವೂ ನಾಲ್ಕನೆಯ ಪಟದ ಒಂದು ಅಂಕವೂ ತಂಡದ ಲೆಕ್ಕದಲ್ಲಿ ಒಂದೇ ತೂಕದವು.

೩. ಐದು ಕುರ್ಚಿಗಳು

ಫೋಕ್‌ಸ್ಟನ್ನಿನ ಆ ತಂಡದಲ್ಲಿದ್ದವರು ಐವರು: ಫ್ಲೋರ್, ಟ್ರೈಬಾಲ್, ರೆಯ್ಫೀರ್, ಒಪೊಚೆನ್ಸ್ಕಿ ಮತ್ತು ಸ್ಕಾಲಿಚ್ಕ. ಈ ಐದು ಕುರ್ಚಿಗಳನ್ನು ಮನಸ್ಸಿನಲ್ಲಿ ಸಾಲಾಗಿ ಇರಿಸಿಕೊಳ್ಳಿರಿ. ಕೆಲವೇ ವರ್ಷಗಳಲ್ಲಿ ಅವುಗಳಲ್ಲಿ ಕುಳಿತವರು ಎಲ್ಲೆಲ್ಲಿಗೆ ಹೋದರೆಂಬುದನ್ನು ನೋಡೋಣ.

1938ರ ಸಪ್ಟೆಂಬರ್ ತಿಂಗಳ ಕೊನೆಯಲ್ಲಿ ಮ್ಯೂನಿಕ್ ನಗರದಲ್ಲಿ ನಾಲ್ಕು ದೊಡ್ಡ ರಾಷ್ಟ್ರಗಳು ಕೂಡಿ, ಚೆಕೊಸ್ಲೊವಾಕಿಯದ ಗಡಿನಾಡನ್ನು ಹಿಟ್ಲರನಿಗೆ ಒಪ್ಪಿಸಿಬಿಟ್ಟವು. ಒಪೊಚೆನ್ಸ್ಕಿಯ ಹುಟ್ಟೂರಾದ ಮೋಸ್ತ್ ಕೂಡ ಆ ಗಡಿನಾಡಿನಲ್ಲಿಯೇ ಇದ್ದಿತು. 1939ರ ಮಾರ್ಚ್ 15ರಂದು ಜರ್ಮನ್ ಸೈನ್ಯವು ಪ್ರಾಗ್‌ನೊಳಗೆ ಹೊಕ್ಕಿತು. ಚೆಕ್ ನಾಡು 'ಬೊಹೀಮಿಯ ಮತ್ತು ಮೊರಾವಿಯ' ಎಂಬ ಹೆಸರಿನಲ್ಲಿ ಜರ್ಮನಿಯ ಅಧೀನವಾಯಿತು.

ಫ್ಲೋರನು ಯೆಹೂದಿ. ಮೊದಲನೆಯ ಮಹಾಯುದ್ಧದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಅನಾಥ ಬಾಲಕನಾಗಿ ಬೊಹೀಮಿಯಕ್ಕೆ ಬಂದವನು. ಜಗತ್ತಿನ ಚಾಂಪಿಯನ್ ಪದವಿಗಾಗಿ ಅಲೆಖಿನ್‌ನನ್ನು ಎದುರಿಸಲು ಫೀಡೆ ಸಂಘವು 1937ರಲ್ಲಿ ಆತನನ್ನೇ ಆರಿಸಿದ್ದಿತು. ಮ್ಯೂನಿಕ್ ಒಪ್ಪಂದದ ತರುವಾಯ ಆ ಪಂದ್ಯವು ನಡೆಯಲೇ ಇಲ್ಲ. ಆತನು ಪ್ರಾಣ ಉಳಿಸಿಕೊಂಡು ಸೋವಿಯತ್ ದೇಶವನ್ನು ಸೇರಿ ಅಲ್ಲಿಯೇ ನೆಲೆಸಿದನು.

ಟ್ರೈಬಾಲನು ವೃತ್ತಿಯಿಂದ ನ್ಯಾಯಾಧೀಶ. ಆಯುಧಗಳನ್ನು ಬಚ್ಚಿಟ್ಟನೆಂಬ ಆರೋಪದ ಮೇಲೆ 1941ರಲ್ಲಿ ಆತನನ್ನು ಸೆರೆಹಿಡಿದರು. ಅಕ್ಟೋಬರ್ 2ರಂದು ಮರಣದಂಡನೆಗೆ ಗುರಿಮಾಡಿದರು. ಜೀವಮಾನವೆಲ್ಲ ಇತರರಿಗೆ ನ್ಯಾಯ ಹೇಳಿದವನಿಗೆ ಕಡೆಯಲ್ಲಿ ನ್ಯಾಯವು ದೊರೆಯಲಿಲ್ಲ.

ಇನ್ನು ಸ್ಕಾಲಿಚ್ಕ ಮತ್ತು ಒಪೊಚೆನ್ಸ್ಕಿ. 1939ರ ಆಗಸ್ಟ್ ತಿಂಗಳಲ್ಲಿ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ನಗರದಲ್ಲಿ ಒಲಿಂಪಿಯಾಡ್ ಏರ್ಪಟ್ಟಿತು. ಚೆಕ್ ತಂಡದಲ್ಲಿ ಒಪೊಚೆನ್ಸ್ಕಿಯು ಮೊದಲ ಪಟದವನು. ಆತನ ಜೊತೆಗೆ ಫೋಲ್ತಿಸ್, ಪೆಲಿಕಾನ್, ಸ್ಕಾಲಿಚ್ಕ ಮತ್ತು ಜೀತ ಎಂಬವರು ಇದ್ದರು. ತಂಡದ ಮೇಜಿನ ಮೇಲಿದ್ದುದು ಗಣರಾಜ್ಯದ ಹೆಸರಲ್ಲ, ಅಧೀನ ನಾಡಿನ ಹೆಸರು. ಪಂದ್ಯಗಳು ನಡೆದಿರುವಾಗಲೇ ಸಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡಿನ ಮೇಲೆ ದಂಡೆತ್ತಿ ಹೋಯಿತು. ಎರಡನೆಯ ಮಹಾಯುದ್ಧವು ಮೊದಲಾಯಿತು. ಇಂಗ್ಲೆಂಡಿನ ತಂಡವು ಆಟವನ್ನು ನಡುವೆಯೇ ಬಿಟ್ಟು ಊರಿಗೆ ಹೊರಟಿತು. ಪರಸ್ಪರ ಯುದ್ಧದಲ್ಲಿದ್ದ ದೇಶಗಳವರು ಎದುರುಬದುರು ಕೂರಲಾರದೆ ಹೋದರು. ಜರ್ಮನಿ-ಪೋಲೆಂಡ್ ಪಂದ್ಯದಂತಹ ಕೆಲವನ್ನು ಆಡದೆಯೇ ಸಮವೆಂದು ಬರೆದುಕೊಳ್ಳಲಾಯಿತು. 'ನಾವೆಲ್ಲರೂ ಒಂದೇ ಜನ' ಎಂಬ ಮಾತಿಗೆ ಅದಕ್ಕಿಂತ ಕಠಿನವಾದ ಪರೀಕ್ಷೆ ಬಂದಿರಲಾರದು.

ಒಲಿಂಪಿಯಾಡ್ ಮುಗಿದಾಗ ಪ್ರತಿಯೊಬ್ಬ ಆಟಗಾರನ ಮುಂದೆಯೂ ಒಂದೇ ಪ್ರಶ್ನೆ: ಮರಳುವುದೇ, ಉಳಿಯುವುದೇ? ಪೋಲೆಂಡಿನ ನಾಯ್ಡಾರ್ಫ್ ಅಲ್ಲಿಯೇ ಉಳಿದನು. ಅವನ ಮನೆಯವರು ಯುದ್ಧದಲ್ಲಿ ನಾಶವಾದರು. ಚೆಕ್ ತಂಡದ ಪೆಲಿಕಾನ್ ಮತ್ತು ಸ್ಕಾಲಿಚ್ಕ ಕೂಡ ಅರ್ಜೆಂಟೀನದಲ್ಲಿಯೇ ನೆಲೆಸಿದರು. ಒಪೊಚೆನ್ಸ್ಕಿ, ಫೋಲ್ತಿಸ್, ಜೀತ ಈ ಮೂವರು ಶತ್ರುವಿನ ವಶದಲ್ಲಿದ್ದ ತಮ್ಮ ನಾಡಿಗೆ ಮರಳಿದರು.

ನಾವು ಇದನ್ನು ಓದುತ್ತ ಬಹಳ ಹೊತ್ತು ಪುಸ್ತಕವನ್ನು ಮುಚ್ಚಿಟ್ಟು ಕುಳಿತೆವು. ನಮ್ಮಂತೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ನಗರಕ್ಕೆ ಬಂದವರಿಗೆ ಮರಳುವ ದಾರಿ ತೆರೆದೇ ಇರುವುದು. ಸಂಜೆಯ ಗಾಡಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರಿನ ಮಣ್ಣಿನ ವಾಸನೆ ಬರುವುದು. ಮನೆಯ ಬಾಗಿಲಲ್ಲಿ ಪರರ ಸೈನಿಕನು ನಿಂತಿರುವುದಿಲ್ಲ. ಉಳಿದವರನ್ನು ಹೇಡಿಗಳೆಂದೂ ಮರಳಿದವರನ್ನು ಮೂಢರೆಂದೂ ಯಾರೂ ಹೇಳಕೂಡದು. ಅಂತಹ ಆಯ್ಕೆಯನ್ನು ಮಾಡಬೇಕಾಗಿ ಬಾರದಿರುವುದೇ ನಮ್ಮ ಭಾಗ್ಯವೆಂದು ತಿಳಿಯಬೇಕು.

೪. ಹೆಸರು ಉಳಿಸಿದ ಒಂದು ನಡೆ

ಚದುರಂಗದಲ್ಲಿ ಒಬ್ಬನ ಹೆಸರು ಎರಡು ಬಗೆಯಿಂದ ಉಳಿಯುವುದು: ಗೆದ್ದ ಪದಕಗಳಿಂದ, ಇಲ್ಲವೆ ಆತನು ಕಂಡುಹಿಡಿದ ನಡೆಗಳಿಂದ. ಒಪೊಚೆನ್ಸ್ಕಿಯ ಹೆಸರಿನ ಒಂದು ನಡೆಯನ್ನು ಜಗತ್ತಿನ ಆಟಗಾರರು ಇಂದಿಗೂ ಆಡುತ್ತಾರೆ. ಪಟವನ್ನು ಮುಂದಿರಿಸಿಕೊಂಡು ಇದನ್ನು ಓದಿರಿ.

ಬಿಳಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವನು. ಕರಿಯವನು ಮಂತ್ರಿಯ ಬದಿಯ ಒಂಟೆಯ ಕಾಲಾಳನ್ನು ಎರಡು ಮನೆ ನಡೆಸುವನು. ಈ ಆರಂಭಕ್ಕೆ 'ಸಿಸಿಲಿಯನ್' ಎಂದು ಹೆಸರು. ಎರಡನೆಯ ನಡೆಯಲ್ಲಿ ಬಿಳಿಯವನು ರಾಜನ ಬದಿಯ ಕುದುರೆಯನ್ನು ಹೊರತರುವನು. ಕರಿಯವನು ಮಂತ್ರಿಯ ಕಾಲಾಳನ್ನು ಒಂದು ಮನೆ ಸರಿಸುವನು. ಮೂರನೆಯ ನಡೆಯಲ್ಲಿ ಬಿಳಿಯವನು ಮಂತ್ರಿಯ ಕಾಲಾಳನ್ನು ಎರಡು ಮನೆ ನೂಕಲು, ಕರಿಯವನು ಅದನ್ನು ಕಡಿಯುವನು. ನಾಲ್ಕನೆಯದರಲ್ಲಿ ಬಿಳಿಯ ಕುದುರೆಯು ಆ ಕಾಲಾಳನ್ನು ಕಡಿಯುವುದು. ಕರಿಯವನ ರಾಜನ ಬದಿಯ ಕುದುರೆಯು ಹೊರಬರುವುದು. ಐದನೆಯದರಲ್ಲಿ ಬಿಳಿಯವನ ಇನ್ನೊಂದು ಕುದುರೆ ಹೊರಬರುವುದು. ಕರಿಯವನು ಮಂತ್ರಿಯ ಬದಿಯ ಆನೆಯ ಕಾಲಾಳನ್ನು ಒಂದೇ ಒಂದು ಮನೆ ಮುಂದಿಡುವನು. ಈ ಪುಟ್ಟ ನಡೆಯಿಂದ ಏರ್ಪಡುವ ವ್ಯೂಹಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಉಳಿದ ಆ ನಾಯ್ಡಾರ್ಫನ ಹೆಸರಿದೆ.

ಈಗ ಬಿಳಿಯವನ ಆರನೆಯ ನಡೆ. ಹಲವರು ಇಲ್ಲಿ ಒಂಟೆಯನ್ನು ದೂರಕ್ಕೆ ಹಾರಿಸಿ ಶತ್ರುವಿನ ಮೇಲೆ ಬೀಳಲು ಹವಣಿಸುತ್ತಾರೆ. ಒಪೊಚೆನ್ಸ್ಕಿಯ ನಡೆ ಹಾಗಲ್ಲ. ರಾಜನ ಬದಿಯ ಒಂಟೆಯನ್ನು ಒಂದೇ ಮನೆ ಓರೆಯಾಗಿ ಸರಿಸಿ, ರಾಜನ ಮುಂದೆಯೇ ನಿಲ್ಲಿಸುವುದು. ನೋಡುವವರಿಗೆ ಅಂಜಿಕೆಯ ನಡೆಯೆಂದು ತೋರಬಹುದು. ಆದರೆ ಅದರಿಂದ ರಾಜನು ಕೋಟೆ ಕಟ್ಟಿಕೊಳ್ಳಲು ದಾರಿಯಾಗುವುದು. ಆನೆಯು ಬಯಲಿಗೆ ಬರುವುದು. ಒಂಟೆಯು ಕಾಲ ಬಂದಾಗ ಎರಡು ದಿಕ್ಕಿಗೂ ಹೊರಡಲು ಸಿದ್ಧವಾಗಿರುವುದು. ಮೊದಲು ಮನೆಯನ್ನು ಭದ್ರಪಡಿಸಿಕೊಂಡು ಆಮೇಲೆ ಹೊರಕ್ಕೆ ಹೊರಡು ಎಂಬುದೇ ಈ ನಡೆಯ ತಿರುಳು.

ಇನ್ನೊಂದು ಸೋಜಿಗವನ್ನು ಗಮನಿಸಿರಿ. ಅರ್ಜೆಂಟೀನದಲ್ಲಿ ಉಳಿದ ಪೆಲಿಕಾನನ ಹೆಸರು ಕೂಡ ಇದೇ ಸಿಸಿಲಿಯನ್ ಆರಂಭದ ಬೇರೊಂದು ವ್ಯೂಹಕ್ಕೆ ಬಂದಿತು. ಉಳಿದವನೂ ಮರಳಿದವನೂ ಜೀವನದಲ್ಲಿ ಒಂದು ಮಹಾಸಾಗರದಿಂದ ಅಗಲಿದರು. ಚದುರಂಗದ ಪುಸ್ತಕದಲ್ಲಿ ಕೆಲವು ಪುಟಗಳ ಅಂತರದಲ್ಲಿ ನೆರೆಹೊರೆಯವರಾದರು.

೫. ಪಂಚನಾಗಿ

ಯುದ್ಧವು 1945ರಲ್ಲಿ ಮುಗಿಯಿತು. ಮರುವರ್ಷ ಪ್ರಾಗ್‌ನಲ್ಲಿ ಟ್ರೈಬಾಲನ ಸ್ಮರಣೆಗಾಗಿ ಒಂದು ದೊಡ್ಡ ಪಂದ್ಯಾವಳಿ ನಡೆಯಿತು. ಅದರಲ್ಲಿ ಗೆದ್ದವನು ಅರ್ಜೆಂಟೀನದಿಂದ ಬಂದ ನಾಯ್ಡಾರ್ಫ್. 1950ರಲ್ಲಿ ಫೀಡೆ ಸಂಘವು ಮೊದಲ ಬಾರಿಗೆ ಅಧಿಕೃತ ಬಿರುದುಗಳನ್ನು ಕೊಟ್ಟಾಗ 27 ಮಂದಿಗೆ ಗ್ರಾಂಡ್‌ಮಾಸ್ಟರ್ ಎಂಬ ಬಿರುದೂ, 94 ಮಂದಿಗೆ ಅಂತರರಾಷ್ಟ್ರೀಯ ಮಾಸ್ಟರ್ ಎಂಬ ಬಿರುದೂ ದೊರೆತವು. ಆ ಎರಡನೆಯ ಸಾಲಿನಲ್ಲಿ ಒಪೊಚೆನ್ಸ್ಕಿಯ ಹೆಸರಿದ್ದಿತು. 1951ರಲ್ಲಿ ಆತನಿಗೆ ಅಂತರರಾಷ್ಟ್ರೀಯ ಪಂಚನೆಂಬ ಪದವಿಯೂ ಬಂದಿತು.

ಚದುರಂಗದ ಪಂಚನಿಗೆ ಏನು ಕೆಲಸವೆಂದು ನೀವು ಕೇಳಬಹುದು. ಕ್ರಿಕೆಟ್ಟಿನ ಪಂಚನಂತೆ ಆತನು ಬೆರಳೆತ್ತುವುದಿಲ್ಲ, ಕೂಗುವುದಿಲ್ಲ. ಗಡಿಯಾರಗಳು ಸರಿಯಾಗಿ ನಡೆಯುತ್ತಿವೆಯೇ ಎಂದು ನೋಡುವುದು. ಗೊತ್ತಾದ ಕಾಲದಲ್ಲಿ ಗೊತ್ತಾದಷ್ಟು ನಡೆಗಳು ಮುಗಿದುವೇ ಎಂದು ಎಣಿಸುವುದು. ಮುಟ್ಟಿದ ಕಾಯನ್ನೇ ನಡೆಸುವಂತೆ ನಿಯಮವನ್ನು ಕಾಯುವುದು. ಒಂದೇ ಸ್ಥಿತಿಯು ಮೂರು ಸಲ ಬಂದಿತೆಂದು ಒಬ್ಬನು ಸಮವನ್ನು ಕೋರಿದರೆ ಅದನ್ನು ಪರೀಕ್ಷಿಸುವುದು. ಸಭೆಯಲ್ಲಿ ಮೌನವನ್ನು ಉಳಿಸುವುದು. ಆಟವು ಚೆನ್ನಾಗಿ ನಡೆದರೆ ಪಂಚನು ಇದ್ದನೆಂಬುದೇ ಯಾರಿಗೂ ನೆನಪಿರಕೂಡದು. ಹತ್ತಾರು ವರ್ಷ ಪಟದ ಮುಂದೆ ಕುಳಿತು ಚಪ್ಪಾಳೆ ಪಡೆದವನು, ಪಟದ ಬದಿಗೆ ನಿಂತು ಮರೆಯಾಗಲು ಒಪ್ಪುವುದು ಸುಲಭವಲ್ಲ.

ಆ ಕಾಲದಲ್ಲಿ ಪಂಚನ ಹೆಗಲ ಮೇಲೆ ಇನ್ನೊಂದು ಭಾರವಿದ್ದಿತು. ಅದೇ ಲಕೋಟೆಯ ನಡೆ. ಐದು ಗಂಟೆಗಳಲ್ಲಿ ಆಟವು ಮುಗಿಯದಿದ್ದರೆ ಅದನ್ನು ನಿಲ್ಲಿಸಿ ಮತ್ತೊಂದು ದಿನ ಮುಂದುವರಿಸುವ ಪದ್ಧತಿಯಿದ್ದಿತು. ಆದರೆ ಹಾಗೆ ನಿಲ್ಲಿಸುವಾಗ ನಡೆಸುವ ಸರದಿಯವನಿಗೆ ರಾತ್ರಿಯೆಲ್ಲ ಯೋಚಿಸುವ ಅವಕಾಶ ದೊರೆತು, ಎದುರಾಳಿಗೆ ಅನ್ಯಾಯವಾಗುವುದಲ್ಲವೇ? ಅದಕ್ಕಾಗಿ ಆತನು ತನ್ನ ಮುಂದಿನ ನಡೆಯನ್ನು ಪಟದ ಮೇಲೆ ಆಡದೆ, ಗುಟ್ಟಾಗಿ ಕಾಗದದ ಮೇಲೆ ಬರೆದು ಲಕೋಟೆಯಲ್ಲಿಟ್ಟು ಮುಚ್ಚಿ ಪಂಚನಿಗೆ ಒಪ್ಪಿಸಬೇಕು. ಬರೆದ ನಡೆಯನ್ನು ಬದಲಿಸುವಂತಿಲ್ಲ. ಆಟವು ಮತ್ತೆ ಮೊದಲಾಗುವಾಗ ಪಂಚನು ಲಕೋಟೆಯನ್ನು ತೆರೆದು ಆ ನಡೆಯನ್ನು ಪಟದ ಮೇಲೆ ಆಡಿ ತೋರಿಸುವನು. ಅಲ್ಲಿಯವರೆಗೆ ಆ ಲಕೋಟೆಗೆ ಕಾವಲುಗಾರನು ಆತನೇ. ಗಣಕಯಂತ್ರಗಳ ಬಲವು ಹೆಚ್ಚಿದಂತೆ 1990ರ ದಶಕದಲ್ಲಿ ಈ ಪದ್ಧತಿಯು ಮರೆಯಾಗುತ್ತ ಬಂದು, ಆಟವನ್ನು ಒಂದೇ ಬೈಠಕಿನಲ್ಲಿ ಮುಗಿಸುವ ಕ್ರಮವು ಬಂದಿತು.

೬. ಇಪ್ಪತ್ತಮೂರನೆಯ ಆಟ

1951ರ ಮಾರ್ಚ್ ತಿಂಗಳಿಂದ ಮೇ 11ರವರೆಗೆ ಮಾಸ್ಕೋ ನಗರದ ಚೈಕೋವ್ಸ್ಕಿ ಸಂಗೀತಸಭಾಗೃಹದಲ್ಲಿ ಜಗತ್ತಿನ ಚಾಂಪಿಯನ್ ಪದವಿಗಾಗಿ ಪಂದ್ಯ ನಡೆಯಿತು. ಒಂದು ಬದಿಗೆ ಚಾಂಪಿಯನ್ ಮಿಖಾಯಿಲ್ ಬೊಟ್ವಿನ್ನಿಕ್, 39 ವರ್ಷದವನು. ಇನ್ನೊಂದು ಬದಿಗೆ ಡೇವಿಡ್ ಬ್ರಾನ್‌ಸ್ಟೈನ್, 27 ವರ್ಷದವನು. ಇಬ್ಬರೂ ಸೋವಿಯತ್ ದೇಶದವರು. ಮುಖ್ಯ ಪಂಚನು 59 ವರ್ಷದ ಕಾರೆಲ್ ಒಪೊಚೆನ್ಸ್ಕಿ.

ಒಟ್ಟು 24 ಆಟಗಳು. ಅಂಕಗಳು 12-12 ಎಂದು ಸಮವಾದರೆ ಪದವಿಯು ಚಾಂಪಿಯನ್ನನಲ್ಲಿಯೇ ಉಳಿಯಬೇಕೆಂಬುದು ನಿಯಮ. 20 ಆಟಗಳ ಕೊನೆಗೆ ಬೊಟ್ವಿನ್ನಿಕನು ಒಂದು ಅಂಕ ಮುಂದಿದ್ದನು. ಬ್ರಾನ್‌ಸ್ಟೈನನು 21ನೆಯದನ್ನೂ 22ನೆಯದನ್ನೂ ಗೆದ್ದು 11½-10½ ಎಂದು ತಾನೇ ಮುಂದಾದನು. ಉಳಿದುವು ಎರಡೇ ಆಟಗಳು. ಅವುಗಳಿಂದ ಒಂದು ಅಂಕ ದೊರೆತರೆ ಸಾಕು, ಜಗತ್ತಿಗೆ ಹೊಸ ಚಾಂಪಿಯನ್!

23ನೆಯ ಆಟದಲ್ಲಿ ಬೊಟ್ವಿನ್ನಿಕನದು ಬಿಳಿಯ ಕಾಯಿ. ಆತನಲ್ಲಿ ಎರಡು ಒಂಟೆಗಳು, ಎದುರಾಳಿಯಲ್ಲಿ ಎರಡು ಕುದುರೆಗಳು. ಆಟವು ಮುಗಿಯಲಿಲ್ಲ. ಬೊಟ್ವಿನ್ನಿಕನು ತನ್ನ 42ನೆಯ ನಡೆಯನ್ನು ಬರೆದು ಲಕೋಟೆಯಲ್ಲಿಟ್ಟು ಒಪ್ಪಿಸಿದನು. ಒಂಟೆಯನ್ನು ಹಿಂದಕ್ಕೆ ಒಯ್ಯುವುದೇ ಉತ್ತಮವೆಂದು ಬಲ್ಲವರಿಗೆ ತೋರಿದ್ದಿತು. ಆತನು ಬರೆದುದು ಬೇರೊಂದು ಒಂಟೆಯ ನಡೆ. ಆ ರಾತ್ರಿ ಆತನಿಗೆ ನೆರವಾಗಿ ಸ್ಥಿತಿಯನ್ನು ಪರಿಶೀಲಿಸಿದವನು ಯಾರೆಂದುಕೊಂಡಿರಿ? ಸಾಲೊ ಫ್ಲೋರ್! ಫೋಕ್‌ಸ್ಟನ್ನಿನಲ್ಲಿ ಒಪೊಚೆನ್ಸ್ಕಿಯ ತಂಡದ ಮೊದಲ ಕುರ್ಚಿಯಲ್ಲಿ ಕುಳಿತಿದ್ದ ಅದೇ ಫ್ಲೋರ್. ತಾನು ಬರೆದ ನಿಜವಾದ ನಡೆಯನ್ನು ಬೊಟ್ವಿನ್ನಿಕನು ಆತನಿಗೂ ಆಟವು ಮತ್ತೆ ಮೊದಲಾಗುವವರೆಗೆ ತಿಳಿಸಿರಲಿಲ್ಲ.

ಈಗ ಆ ದೃಶ್ಯವನ್ನು ನೆನೆಯಿರಿ. ಹದಿನೆಂಟು ವರ್ಷಗಳ ಹಿಂದೆ ಒಂದೇ ಧ್ವಜದ ಕೆಳಗೆ ಆಡಿದ ಇಬ್ಬರು. ಅವರ ಗಣರಾಜ್ಯವನ್ನು ಹೊಸಕಿಹಾಕಿದ ಯುದ್ಧವನ್ನು ದಾಟಿ ಬದುಕಿ ಉಳಿದವರು. ಈಗ ಒಂದೇ ಸಭಾಗೃಹದಲ್ಲಿದ್ದಾರೆ. ಒಬ್ಬನು ಒಂದು ಪಕ್ಷದ ಸಹಾಯಕ. ಇನ್ನೊಬ್ಬನು ಯಾವ ಪಕ್ಷಕ್ಕೂ ಸೇರಕೂಡದ ಪಂಚ. ಜಗತ್ತಿನ ಚಾಂಪಿಯನ್ ಪದವಿಯು ಒಂದು ಚೂರು ಕಾಗದದ ಮೇಲೆ ನಿಂತಿದೆ. ಆ ಕಾಗದವು ಪಂಚನ ವಶದಲ್ಲಿದೆ.

ಲಕೋಟೆಯು ತೆರೆಯಿತು, ನಡೆಯು ಪಟದ ಮೇಲೆ ಬಂದಿತು, ಆಟವು ಮುಂದುವರಿಯಿತು. ಬೊಟ್ವಿನ್ನಿಕನ 57ನೆಯ ನಡೆಯ ತರುವಾಯ ಬ್ರಾನ್‌ಸ್ಟೈನನು ಬಹಳ ಹೊತ್ತು ಯೋಚಿಸಿ ಸೋಲನ್ನು ಒಪ್ಪಿಕೊಂಡನು. 24ನೆಯ ಆಟವು 22 ನಡೆಗಳಲ್ಲಿ ಸಮವಾಯಿತು. ಇಬ್ಬರೂ ಐದೈದು ಆಟಗಳನ್ನು ಗೆದ್ದಿದ್ದರು; ಹದಿನಾಲ್ಕು ಸಮವಾಗಿದ್ದುವು. ಅಂಕಗಳು 12-12. ಪದವಿಯು ಬೊಟ್ವಿನ್ನಿಕನಲ್ಲಿಯೇ ಉಳಿಯಿತು. ಬ್ರಾನ್‌ಸ್ಟೈನನು ಮುಂದೆ ಎಂದಿಗೂ ಜಗಜ್ಜೇತನಾಗಲಿಲ್ಲ. ಆ ಅರ್ಧ ಅಂಕದ ಬಗ್ಗೆ ಜನರು ಹಲವು ವರ್ಷ ಚರ್ಚಿಸಿದರು. ಇಷ್ಟು ಸಣ್ಣ ಅಂತರದಲ್ಲಿ ಇಷ್ಟು ದೊಡ್ಡ ಪದವಿಯು ತೀರ್ಮಾನವಾಗುವಲ್ಲಿ ಪಂಚನ ಮೇಲಿದ್ದ ಭಾರವೆಷ್ಟೆಂಬುದನ್ನು ನೀವೇ ಊಹಿಸಿಕೊಳ್ಳಿರಿ.

೭. ಕೊನೆಯ ಮಾತು

ಒಪೊಚೆನ್ಸ್ಕಿಯು 1975ರ ನವೆಂಬರ್ 16ರಂದು ಪ್ರಾಗ್ ನಗರದಲ್ಲಿ 83ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದೇ ವರ್ಷದ ಶರತ್ಕಾಲದಲ್ಲಿ ಆತನ ಹುಟ್ಟೂರಿನಲ್ಲಿ ಒಂದು ವಿಚಿತ್ರವು ನಡೆಯಿತು. ನೆಲದಡಿಯ ಕಲ್ಲಿದ್ದಲಿಗಾಗಿ ಹಳೆಯ ಮೋಸ್ತ್ ಊರನ್ನು ಕೆಡವಿಹಾಕಿದ್ದರು. ನೂರಾರು ವರ್ಷಗಳ ಹಳೆಯ ಇಗರ್ಜಿಯೊಂದನ್ನು ಮಾತ್ರ ಕೆಡವದೆ, ಹಳಿಗಳ ಮೇಲಿರಿಸಿ, ಇಂಚು ಇಂಚಾಗಿ 841 ಮೀಟರು ದೂರಕ್ಕೆ ಸಾಗಿಸಿದರು. ಊರೇ ಇಲ್ಲವಾದಾಗಲೂ ಒಂದು ಕಟ್ಟಡವು ಬಿರುಕು ಬಿಡದೆ ನಿಂತಿತು. ಚೆಕೊಸ್ಲೊವಾಕಿಯವು ಕೂಡ 1993ರ ಜನವರಿ 1ರಂದು ಚೆಕ್ ಗಣರಾಜ್ಯ, ಸ್ಲೊವಾಕಿಯ ಎಂದು ಎರಡಾಯಿತು. ಒಪೊಚೆನ್ಸ್ಕಿಯು ಹುಟ್ಟಿದ ಸಾಮ್ರಾಜ್ಯವಿಲ್ಲ, ಆಡಿದ ಗಣರಾಜ್ಯವಿಲ್ಲ, ಬೆಳೆದ ಹಳೆಯ ಊರಿಲ್ಲ. ಆದರೆ ರಾಜನ ಮುಂದೆ ಒಂದು ಮನೆ ಸರಿದು ನಿಲ್ಲುವ ಆ ಒಂಟೆಯು ಇಂದಿಗೂ ಇದೆ.

ವಿದ್ಯಾರ್ಥಿಗಳೇ, ನಮ್ಮ ದೇಶದಲ್ಲಿ ಇಂದು ಚದುರಂಗಕ್ಕೆ ಹೊಸ ಕಳೆ ಬಂದಿದೆ. 2024ರಲ್ಲಿ ನಮ್ಮ ಪುರುಷರ ತಂಡವೂ ಮಹಿಳೆಯರ ತಂಡವೂ ಬುಡಾಪೆಸ್ಟಿನ ಒಲಿಂಪಿಯಾಡಿನಲ್ಲಿ ಚಿನ್ನ ಗೆದ್ದುವು. ಅದೇ ವರ್ಷದ ಡಿಸೆಂಬರಿನಲ್ಲಿ ಚೆನ್ನೈಯ ಗುಕೇಶನು 18ನೆಯ ವಯಸ್ಸಿನಲ್ಲಿ ಜಗಜ್ಜೇತನಾದನು. ನೀವೂ ಆಡಿರಿ, ಗೆಲ್ಲಿರಿ. ಆದರೆ ನಿಮ್ಮಲ್ಲಿ ಬಹು ಮಂದಿ ಎಂದಾದರೊಂದು ದಿನ ಪಂಚರೂ ಆಗುವಿರಿ. ಚದುರಂಗದಲ್ಲಲ್ಲದಿದ್ದರೆ ಕಚೇರಿಯಲ್ಲಿ, ಚಾಳಿನಲ್ಲಿ, ಮನೆಯಲ್ಲಿ ಇಬ್ಬರ ನಡುವೆ ನಿಂತು ಮಾತು ಹೇಳಬೇಕಾದೀತು. ಇಬ್ಬರಲ್ಲಿ ಒಬ್ಬನು ನಿಮ್ಮವನಾಗಿರುವ ದಿನ ನಿಮ್ಮ ನಿಜವಾದ ಪರೀಕ್ಷೆ.

ನಾವು ಆ ಪರೀಕ್ಷೆಯಲ್ಲಿ ಒಮ್ಮೆ ತಪ್ಪಿದೆವು. ಈ ಲೇಖನವನ್ನು ಬರೆಯಲು ಕುಳಿತ ದಿನ, ಕಳೆದ ವರ್ಷ ಸೋತ ಆ ಹುಡುಗನನ್ನು ಕರೆದು, "ಅಂದು ನೀನು ಕೇಳಿದುದೇ ಸರಿ, ತಪ್ಪು ನಮ್ಮದು" ಎಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ವರ್ಷವೂ ಪಂದ್ಯ ಇದೆಯೇ, ಗುರುಗಳೇ?" ಎಂದು ಕೇಳಿದನು. ಇದೆ. ನಮ್ಮ ವರ್ಗದ ಹುಡುಗರು ಆಡುವ ಪಂದ್ಯಗಳಿಗೆ ಬೇರೆ ಗುರುಗಳು ಪಂಚರಾಗಿ ಕೂಡುವರು. ಉಳಿದ ಪಂದ್ಯಗಳಿಗೆ ನಾವು ಕೂಡುವೆವು. ಮುಟ್ಟಿದ ಕಾಯನ್ನೇ ನಡೆಸಬೇಕು.

ಅಭ್ಯಾಸ

1. ಒಪೊಚೆನ್ಸ್ಕಿಯು ನಾಲ್ಕು ಸಾರಿ ಚಾಂಪಿಯನ್ ಆದ ಇಸವಿಗಳನ್ನು ಬರೆದು, ಆ ಕಾಲದಲ್ಲಿ ಆತನ ನಾಡಿನ ಸ್ಥಿತಿ ಹೇಗಿದ್ದಿತೆಂಬುದನ್ನು ತಿಳಿಸಿರಿ.
2. 1933ರ ತಂಡದ ಫ್ಲೋರ್, ಟ್ರೈಬಾಲ್, ಒಪೊಚೆನ್ಸ್ಕಿ ಮತ್ತು ಸ್ಕಾಲಿಚ್ಕ ಇವರಿಗೆ ಮುಂದೆ ಏನಾಯಿತು?
3. ನಿಲ್ಲಿಸಿದ ಆಟದಲ್ಲಿ ಮುಂದಿನ ನಡೆಯನ್ನು ಲಕೋಟೆಯಲ್ಲಿಡುವ ಪದ್ಧತಿಯು ಏಕೆ ಬೇಕಾಗಿದ್ದಿತು?
4. ಒಪೊಚೆನ್ಸ್ಕಿಯ ಹೆಸರಿನ ವ್ಯೂಹದ ಮೊದಲ ಆರು ನಡೆಗಳನ್ನು ಪಟದ ಮೇಲೆ ಆಡಿ ತೋರಿಸಿರಿ.
5. ನಿಮ್ಮ ಆಪ್ತ ಗೆಳೆಯನು ಆಡುವ ಪಂದ್ಯಕ್ಕೆ ನೀವೇ ಪಂಚರಾಗಬೇಕಾದರೆ ಏನು ಮಾಡುವಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.